ಕುಂಬಳೆ ಅಳಿವೆಯಲ್ಲಿ ಒಂದು ದಿನ: ಗಾಳ ಹಾಕುವವರಿಗೂ ಹಕ್ಕಿ ನೋಡುವವರಿಗೂ ಒಂದು ಮಾರ್ಗದರ್ಶಿ

ಮಳೆ ಹಿಂದೆ ಸರಿದು ಅಕ್ಟೋಬರ್ ಕಾಲಿಟ್ಟಿತೆಂದರೆ ಪುತ್ತೂರು, ಮಂಗಳೂರು, ಸುಳ್ಯ ಕಡೆಯ ಗೆಳೆಯರಿಂದಲೂ ನೆಂಟರಿಂದಲೂ ನನಗೆ ಫೋನ್ ಬರಲು ತೊಡಗುತ್ತದೆ. ಪ್ರಶ್ನೆಗಳು ಹೆಚ್ಚುಕಡಿಮೆ ಮೂರೇ: ಕುಂಬಳೆ ಹೊಳೆಯಲ್ಲಿ ಗಾಳ ಹಾಕಬಹುದೇ, ದೂರದೇಶದ ಹಕ್ಕಿಗಳು ಎಲ್ಲಿ ಕಾಣಸಿಗುತ್ತವೆ, ಗುಡ್ಡದ ಕಡೆ ಬೇಟೆಗೆ ಅವಕಾಶವಿದೆಯೇ. ಮೊದಲ ಎರಡಕ್ಕೆ ಸಂತೋಷದಿಂದ ಉತ್ತರಿಸುತ್ತೇನೆ. ಮೂರನೆಯದಕ್ಕೆ ಇಲ್ಲ ಎಂಬುದೇ ಉತ್ತರ, ಅದರ ಕಾರಣವನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಹೇಳುವುದು ಮೇಲೆಂದು ಈ ಲೇಖನ. ಕಾಸರಗೋಡು ಜಿಲ್ಲೆಯ ಕರಾವಳಿಯ ಉಳಿದ ಅಳಿವೆಗಳಿಗೂ ಇಲ್ಲಿನ ಬಹುಪಾಲು ಮಾತುಗಳು ಹೊಂದುತ್ತವೆ. ಆದರೆ ನಾನು ಕಾಲಿನಡಿಯಲ್ಲಿ ಬಲ್ಲದ್ದು ಶಿರಿಯ ಹೊಳೆ ಕಡಲು ಸೇರುವ ಕುಂಬಳೆ, ಆರಿಕ್ಕಾಡಿ, ಮೊಗ್ರಾಲಿನ ಭಾಗವನ್ನಾದ್ದರಿಂದ ಅದನ್ನೇ ಕೇಂದ್ರವಾಗಿ ಇರಿಸಿಕೊಂಡಿದ್ದೇನೆ.

ಮೊದಲ ಹೆಜ್ಜೆ: ಈ ಜಾಗ ಯಾರದೆಂದು ತಿಳಿದುಕೊಳ್ಳುವುದು

ಇಲ್ಲಿ ಟಿಕೆಟ್ ಹರಿದು ಒಳಗೆ ಬಿಡುವ ದ್ವಾರವಿಲ್ಲ, ಸುತ್ತ ಬೇಲಿಯಿಲ್ಲ, ಸಮಯದ ಫಲಕವಿಲ್ಲ. ಮಲಪ್ಪುರಂ ಮತ್ತು ಕೋಯಿಕ್ಕೋಡ್ ಜಿಲ್ಲೆಗಳ ಗಡಿಯಲ್ಲಿರುವ ಕಡಲುಂಡಿ-ವಳ್ಳಿಕ್ಕುನ್ನು ಅಳಿವೆಯನ್ನು 2007ರಲ್ಲಿ ಕೇರಳದ ಮೊದಲ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದರು. ನಮ್ಮ ಅಳಿವೆಗೆ ಅಂಥ ಒಂದೇ ಹೆಸರಿನ ರಕ್ಷಣೆ ಇಲ್ಲ. ಹಾಗೆಂದು ಇದು ಯಾರೂ ಕೇಳುವವರಿಲ್ಲದ ಜಾಗವೆಂದು ಭಾವಿಸಬಾರದು. ನೀರಿನಲ್ಲಿ ಮೀನು ಹಿಡಿಯುವುದಕ್ಕೆ ಮೀನುಗಾರಿಕಾ ಇಲಾಖೆಯ ನಿಯಮಗಳಿವೆ. ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಅತ್ಯಂತ ಬಿಗಿಯಾದ ಮೊದಲ ವರ್ಗಕ್ಕೆ ಸೇರಿದೆ, ಅದರ ಕೆಲವು ಭಾಗಗಳನ್ನು ಅರಣ್ಯ ಇಲಾಖೆಯೇ ನೋಡಿಕೊಳ್ಳುತ್ತದೆ. ಹಿನ್ನೀರಿನ ಅಂಚಿನ ತೆಂಗಿನ ತೋಟಗಳು ಖಾಸಗಿಯವರದು. ಮರಳಿನ ಮೇಲೆ ದೋಣಿ ಎಳೆದಿಡುವ ಜಾಗ, ಬಲೆ ಒಣಗಿಸುವ ಜಾಗಗಳಿಗೆ ಕಾಗದಪತ್ರ ಇರಲಿ ಇಲ್ಲದಿರಲಿ, ತಲೆಮಾರುಗಳಿಂದ ಮೊಗವೀರರೂ ಮುಕ್ಕುವರೂ ಮಾಪಿಳ್ಳೆ ಮೀನುಗಾರರೂ ಅವುಗಳನ್ನು ಬಳಸುತ್ತ ಬಂದಿದ್ದಾರೆ.

ಆದ್ದರಿಂದ ಬಂದವರು ಮಾಡಬೇಕಾದ ಮೊದಲ ಕೆಲಸ ಮಾತನಾಡುವುದು. ದಡದಲ್ಲಿ ಬಲೆ ಹೆಣೆಯುತ್ತಿರುವ ಹಿರಿಯರ ಬಳಿಗೆ ಹೋಗಿ, ತುಳುವರಾದರೆ ಅಣ್ಣ ಎಂದೋ, ಮುಸ್ಲಿಮರಾದರೆ ಇಚ್ಚ ಎಂದೋ ಕರೆದು, ತಾವು ಯಾರು, ಏನಕ್ಕೆ ಬಂದಿದ್ದೇವೆ ಎಂದು ಹೇಳಬೇಕು. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಇಲ್ಲಿ ಉತ್ತರ ಸಿಗುತ್ತದೆ. ಒಂದು ಮರ್ಯಾದೆಯನ್ನು ಮಾತ್ರ ನೆನಪಿನಲ್ಲಿಡಿ: ಕಡಲಿಗೆ ಹೊರಟವರನ್ನು ಎಲ್ಲಿಗೆ ಹೋಗುತ್ತೀರಿ, ಎಷ್ಟು ಸಿಗಬಹುದು ಎಂದು ಕೇಳಬಾರದು. ಹಿಂತಿರುಗಿ ಬಂದವರನ್ನು ‘ಮೀನ್ ತಿಕ್ಕ್‌ಂಡಾ?’ (ಮೀನು ಸಿಕ್ಕಿತೇ) ಎಂದು ತುಳುವಿನಲ್ಲಿ ಕೇಳಿದರೆ ಅವರು ಬುಟ್ಟಿಯ ಮುಚ್ಚಳ ತೆಗೆದು ತೋರಿಸುತ್ತಾರೆ, ಎಲ್ಲಿ ಕೆಸರು ಆಳ, ಎಲ್ಲಿ ಸೆಳೆತ ಹೆಚ್ಚು ಎಂಬುದನ್ನೂ ಕೇಳದೆಯೇ ತಿಳಿಸುತ್ತಾರೆ. ಯಾವ ನಕ್ಷೆಯಲ್ಲೂ ಆ ತಿಳಿವಳಿಕೆ ಇಲ್ಲ, ಏಕೆಂದರೆ ಅಳಿವೆಯ ಬಾಗಿಲು ಪ್ರತಿ ಮಳೆಗಾಲದಲ್ಲಿಯೂ ಮರಳಿನ ದಿಬ್ಬವನ್ನು ಒಂದಿಷ್ಟು ಕಡಿದು ಇನ್ನೊಂದಿಷ್ಟು ಕಟ್ಟುತ್ತದೆ.

ಎರಡನೆಯ ಹೆಜ್ಜೆ: ತಿಂಗಳನ್ನು ಆರಿಸುವುದು

ಅಕ್ಟೋಬರ್ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಕಾಲ ಹಕ್ಕಿಗಳಿಗೂ ಗಾಳಕ್ಕೂ ಒಳ್ಳೆಯದು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ, ಅಳಿವೆ ಬಾಗಿಲಿನಲ್ಲಿ ಕಡಲಿನ ತೆರೆಯೂ ಹೊಳೆಯ ನೀರೂ ಡಿಕ್ಕಿ ಹೊಡೆಯುವಾಗ, ಹೊರಗಿನವರು ದಡದ ಸಮೀಪವೂ ಸುಳಿಯಬಾರದು. ಆ ತಿಂಗಳುಗಳಲ್ಲಿ ಹಕ್ಕಿ ನೋಡಬೇಕೆಂದಿದ್ದರೆ ಮುರಕಲ್ಲಿನ ಗುಡ್ಡಗಳ ಕಡೆ ಹೋಗುವುದು ಒಳಿತು. ಅದರ ವಿವರ ಕೊನೆಯಲ್ಲಿದೆ.

ಸೆಪ್ಟೆಂಬರಿನಲ್ಲಿಯೇ ಮೊದಲ ಗೊರವಗಳು, ಅಂದರೆ ಕೆಸರಿನಲ್ಲಿ ನಡೆದಾಡಿ ಮೇಯುವ ಹಕ್ಕಿಗಳು, ಬಂದಿಳಿಯುತ್ತವೆ. ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಬಯಲಿನಲ್ಲಿ ಮರಿಮಾಡಿದ ಮರಳುಗೊರವಗಳೂ ಅಲ್ಲಿನ ಸರೋವರಗಳ ಕಂದುತಲೆಯ ಕಡಲಕ್ಕಿಗಳೂ (ಗಲ್) ಹಿಮಾಲಯವನ್ನು ದಾಟಿ ನಮ್ಮ ಕೆಸರಿಗೆ ಬಂದು ಸೇರುತ್ತವೆ. ಡಿಸೆಂಬರ್, ಜನವರಿಗಳಲ್ಲಿ ಸಂಖ್ಯೆ ಹೆಚ್ಚು. ಮಾರ್ಚ್ ಕೊನೆಯ ಹೊತ್ತಿಗೆ ಮರಳುಗೊರವದ ಎದೆಗೆ ಕಿತ್ತಳೆಗೆಂಪು ಏರುತ್ತದೆ, ಕಡಲಕ್ಕಿಯ ತಲೆ ಕಂದಾಗುತ್ತದೆ. ಹೊರಡುವ ಮುನ್ನ ಅವು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಲ ಅದು. ನೋಡಲು ಬಹಳ ಚೆಂದ, ಆದರೆ ನಾವು ಅತ್ಯಂತ ದೂರದಲ್ಲಿ ನಿಲ್ಲಬೇಕಾದ ಕಾಲವೂ ಅದೇ.

ಮೂರನೆಯ ಹೆಜ್ಜೆ: ಗಡಿಯಾರವನ್ನು ಬದಿಗಿಟ್ಟು ಉಬ್ಬರವಿಳಿತವನ್ನು ನೋಡುವುದು

ಹೊಸಬರು ಮಾಡುವ ದೊಡ್ಡ ತಪ್ಪು, ಬೆಳಿಗ್ಗೆ ಆರು ಗಂಟೆಗೆ ಬಂದರೆ ಹಕ್ಕಿ ಸಿಗುತ್ತದೆ ಎಂದು ತಿಳಿಯುವುದು. ಕಾಡಿನ ಹಕ್ಕಿಗೆ ಸೂರ್ಯ ಯಜಮಾನನಾದರೆ ಅಳಿವೆಯ ಹಕ್ಕಿಗೂ ಮೀನಿಗೂ ಚಂದ್ರನೇ ಯಜಮಾನ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಉಬ್ಬರಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಮನೆಯ ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಿದರೆ ಅರ್ಧ ಲೆಕ್ಕ ಸಿಕ್ಕಂತೆಯೇ. ಉಳಿದರ್ಧಕ್ಕೆ ನವಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಬಹುದು. ಆ ಪಟ್ಟಿ ಹೇಳುವುದು ಕಡಲಿನ ಹೊತ್ತನ್ನು. ಹಿನ್ನೀರಿನ ಒಳಭಾಗದಲ್ಲಿ ನೀರು ಏರುವುದೂ ಇಳಿಯುವುದೂ ಅದಕ್ಕಿಂತ ತಡವಾಗಿ ಎಂಬುದನ್ನು ಮರೆಯಬಾರದು.

ಇಳಿತದಲ್ಲಿ ಕೆಸರಿನ ಬಯಲು ತೆರೆದುಕೊಂಡಾಗ ಗೊರವಗಳು ಹುಳು, ಏಡಿ, ಸಣ್ಣ ಮರುವಾಯಿಗಳನ್ನು ಹೆಕ್ಕುತ್ತ ಬಯಲಿನುದ್ದಕ್ಕೂ ಚದುರಿಹೋಗುತ್ತವೆ. ಅಷ್ಟು ದೂರದಲ್ಲಿ ದುರ್ಬೀನಿನಲ್ಲಿಯೂ ಅವು ಚುಕ್ಕಿಗಳಂತೆ ಕಾಣುತ್ತವೆ. ನೀರು ಏರತೊಡಗಿದಂತೆ ಬಯಲು ಕಿರಿದಾಗಿ, ಹಕ್ಕಿಗಳು ತಾವಾಗಿಯೇ ದಡದ ಕಡೆಗೆ, ಅಂದರೆ ನಿಮ್ಮ ಕಡೆಗೆ, ಹೆಜ್ಜೆಹೆಜ್ಜೆಯಾಗಿ ಬರುತ್ತವೆ. ಪೂರ್ಣ ಉಬ್ಬರಕ್ಕೆ ಎರಡು ಗಂಟೆ ಮೊದಲೇ ಬಂದು, ಬಿಸಿಲು ಬೆನ್ನಿಗೆ ಬೀಳುವಂತೆ ತೆಂಗಿನ ಬುಡದ ನೆರಳಿನಲ್ಲಿ ಕುಳಿತುಬಿಟ್ಟರೆ, ನೀವು ಹಕ್ಕಿಯ ಬಳಿಗೆ ನಡೆದುಹೋಗುವ ಅಗತ್ಯವೇ ಬೀಳುವುದಿಲ್ಲ. ನಾನು ಇದನ್ನು ಕಲಿಯಲು ಎರಡು ಚಳಿಗಾಲ ತೆಗೆದುಕೊಂಡೆ. ಅಷ್ಟು ದಿನವೂ ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಕೊಂಡು ಹಿಂಡುಗಳನ್ನು ಎಬ್ಬಿಸುತ್ತಿದ್ದೆ. ಒಂದೊಂದು ಸಲ ಎದ್ದು ಹಾರಿದಾಗಲೂ ಆ ಹಕ್ಕಿಗಳು ಮುಂದಿನ ದಾರಿಗೆಂದು ಕೂಡಿಟ್ಟ ಬಲವನ್ನು ಕಳೆದುಕೊಳ್ಳುತ್ತಿದ್ದವು ಎಂಬುದು ಆಮೇಲೆ ಅರ್ಥವಾಗಿ ಬಹಳ ಬೇಸರವಾಯಿತು.

ನೀರು ಏರುವಾಗಲೂ ಇಳಿಯಲು ಆರಂಭಿಸುವಾಗಲೂ ಮೀನು ಓಡಾಡುತ್ತದೆ. ಏರಿ ನಿಂತ ನೀರಿನಲ್ಲಿಯೂ ಇಳಿದು ನಿಂತ ನೀರಿನಲ್ಲಿಯೂ ಗಾಳಕ್ಕೆ ಸಾಮಾನ್ಯವಾಗಿ ಕೆಲಸ ಕಡಿಮೆ. ಎರಡನ್ನೂ ಒಂದೇ ದಿನದಲ್ಲಿ ಮಾಡಬಯಸುವವರು ಉಬ್ಬರ ಏರುವವರೆಗೆ ಹಕ್ಕಿ ನೋಡಿ, ನೀರು ಇಳಿಯತೊಡಗಿದ ಮೇಲೆ ಬೇರೆ ಕಡೆಗೆ ಹೋಗಿ ಗಾಳ ಹಾಕುವುದು ಒಳ್ಳೆಯದು. ಹಕ್ಕಿಗಳು ಒಟ್ಟುಗೂಡಿ ವಿಶ್ರಮಿಸುವ ಮರಳದಿಬ್ಬದ ಮೇಲೆ ಗಾಳ ಹಿಡಿದು ನಿಲ್ಲುವುದು ಎಂದಿಗೂ ಸರಿಯಲ್ಲ, ಅಲ್ಲಿ ಎಷ್ಟೇ ಮೀನಿದ್ದರೂ.

ನಾಲ್ಕನೆಯ ಹೆಜ್ಜೆ: ಹಕ್ಕಿಗಳನ್ನು ಗುರುತಿಸುವುದು

ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, 42 ಮಿಲಿಮೀಟರ್ ಗಾಜಿನ ದುರ್ಬೀನು ಸಾಕು. ಬಿಳಿ ಅಂಗಿ ಬೇಡ. ಕುಳಿತುಕೊಳ್ಳಲು ಒಂದು ಗೋಣಿ, ಕುಡಿಯಲು ನೀರು, ಬರೆದುಕೊಳ್ಳಲು ಪುಸ್ತಕ ಇರಲಿ.

ಮೊದಲು ತಲೆಯೆತ್ತಿ ನೋಡಿ, ಏಕೆಂದರೆ ಈ ಜಿಲ್ಲೆಯ ಹಕ್ಕಿ ಮೇಲಿದೆ. ಕೇರಳದಲ್ಲಿ ತನ್ನದೇ ಆದ ಹಕ್ಕಿ, ಮರ, ಹೂವು, ಪ್ರಾಣಿಗಳನ್ನು ಘೋಷಿಸಿಕೊಂಡ ಮೊದಲ ಜಿಲ್ಲೆ ಕಾಸರಗೋಡು. ಮರವಾಗಿ ಊರಿಗೆ ಹೆಸರು ಕೊಟ್ಟಿತೆನ್ನುವ ಕಾಸರಕ, ಪ್ರಾಣಿಯಾಗಿ ಚಂದ್ರಗಿರಿ ಹೊಳೆಯಲ್ಲಿ ಬದುಕುಳಿದಿರುವ, ಮಲಯಾಳದಲ್ಲಿ ಪಾಲಪ್ಪೂವನ್ ಎನ್ನುವ ಮೆದುಚಿಪ್ಪಿನ ದೈತ್ಯ ಆಮೆ, ಹಕ್ಕಿಯಾಗಿ ಬಿಳಿಹೊಟ್ಟೆಯ ಕಡಲಹದ್ದು ಆಯ್ಕೆಯಾದವು. ಕಡಲಹದ್ದನ್ನು ಗರುಡನೆಂದು ತಪ್ಪಾಗಿ ತಿಳಿಯುವವರು ಬಹಳ. ಗರುಡನಿಗೆ ತಲೆ ಮತ್ತು ಎದೆ ಮಾತ್ರ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು. ಕಡಲಹದ್ದು ಅದಕ್ಕಿಂತ ಬಹಳ ದೊಡ್ಡದು. ತಲೆಯಿಂದ ಹೊಟ್ಟೆಯವರೆಗೆ ಪೂರ್ತಿ ಬಿಳಿ, ಬೆನ್ನು ಮತ್ತು ರೆಕ್ಕೆ ಬೂದು, ಬಾಲ ಮೊಟಕಾಗಿ ಬೆಣೆಯ ಆಕಾರದಲ್ಲಿದೆ, ತೇಲುವಾಗ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಎತ್ತರದ ಮರದ ತುದಿಯಲ್ಲಿ ಕಡ್ಡಿಗಳ ದೊಡ್ಡ ಗೂಡು ಕಂಡರೆ ಅದರ ಬುಡಕ್ಕೆ ಹೋಗಬೇಡಿ, ಗೂಡಿನ ಜಾಗವನ್ನು ಫೋಟೊದೊಂದಿಗೆ ಎಲ್ಲರಿಗೂ ಹಂಚಬೇಡಿ. ಹಳೆಯ ಗೂಡಿಗೇ ವರ್ಷವರ್ಷವೂ ಕಡ್ಡಿ ಸೇರಿಸಿ ಬಳಸುವ ಹಕ್ಕಿ ಇದು. ಒಂದು ಮರ ಕಡಿದರೆ ಅದರ ಮನೆಯೇ ಹೋದಂತೆ.

ನೀರಿನಂಚಿನಲ್ಲಿ ಕುಳಿತ ಕಡಲಕ್ಕಿಗಳಲ್ಲಿ ಕಂದುತಲೆಯದನ್ನೂ ಕರಿತಲೆಯದನ್ನೂ ಚಳಿಗಾಲದಲ್ಲಿ ಬೇರ್ಪಡಿಸುವುದು ಕಷ್ಟ, ಏಕೆಂದರೆ ಆಗ ಎರಡರ ತಲೆಯೂ ಬಿಳಿ, ಕಿವಿಯ ಬಳಿ ಒಂದು ಕಪ್ಪು ಮಚ್ಚೆ ಮಾತ್ರ. ಬೆಳೆದ ಕಂದುತಲೆಯ ಹಕ್ಕಿಯ ಕಣ್ಣು ಮಸುಕು ಬಣ್ಣದ್ದು, ಕರಿತಲೆಯದ್ದು ಗಾಢ ಬಣ್ಣದ್ದು. ಹಾರಿದಾಗ ಮೊದಲನೆಯದಕ್ಕೆ ಕಪ್ಪು ರೆಕ್ಕೆತುದಿಯಲ್ಲಿ ಬಿಳಿಯ ಬೊಟ್ಟುಗಳು, ಎರಡನೆಯದಕ್ಕೆ ರೆಕ್ಕೆಯ ಮುಂಭಾಗದ ಅಂಚಿನಲ್ಲಿ ಬಿಳಿಯ ಪಟ್ಟಿ. ಕಡಲಕ್ಕಿಗಳ ನಡುವೆ ಕವಲುಬಾಲದ, ಸಪೂರ ಮೈಯ ರೀವಗಳೂ ಕುಳಿತಿರುತ್ತವೆ. ಅವುಗಳಲ್ಲಿ ಕೆಂಪು ದಪ್ಪ ಕೊಕ್ಕಿನ ಕ್ಯಾಸ್ಪಿಯನ್ ರೀವ ಎದ್ದು ಕಾಣುತ್ತದೆ. ಗೊರವಗಳಲ್ಲಿ ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನದು ವಿಂಬ್ರೆಲ್ ಅಥವಾ ಕರ್ಲ್ಯೂ: ತಲೆಯ ಮೇಲೆ ಪಟ್ಟೆಗಳಿದ್ದು ಕೊಕ್ಕು ಅಷ್ಟೇನೂ ಉದ್ದವಲ್ಲದ್ದು ವಿಂಬ್ರೆಲ್, ಪಟ್ಟೆಯಿಲ್ಲದೆ ಕೊಕ್ಕು ತಲೆಯ ಎರಡು ಮೂರು ಪಟ್ಟು ಉದ್ದವಿರುವುದು ಕರ್ಲ್ಯೂ. ಕೆಂಪು ಕಾಲಿನ ಗೊರವ ನೀವು ಕಾಣುವ ಮೊದಲೇ ನಿಮ್ಮನ್ನು ಕಂಡು ಕೂಗಿ ಎಲ್ಲರನ್ನೂ ಎಚ್ಚರಿಸುತ್ತದೆ. ಸಣ್ಣ ಗೊರವಗಳ ಹೆಸರು ಮೊದಲ ದಿನವೇ ಕಲಿಯಬೇಕೆಂಬ ಹಟ ಬೇಡ. ಗಾತ್ರ, ಕೊಕ್ಕು, ಕಾಲಿನ ಬಣ್ಣ, ತಿನ್ನುವ ರೀತಿ ಈ ನಾಲ್ಕನ್ನು ಬರೆದುಕೊಂಡರೆ ಮನೆಯಲ್ಲಿ ಕುಳಿತು ಹೊಂದಿಸಬಹುದು.

ಕಾಂಡ್ಲಾದೊಳಗೆ ಇಣುಕಿದರೆ ಮಿಂಚುಳ್ಳಿಗಳ ಲೋಕ. ದೊಡ್ಡ ಕೆಂಪು ಕೊಕ್ಕಿನ ಹೆಮ್ಮಿಂಚುಳ್ಳಿ, ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಕಪ್ಪುಬಿಳುಪಿನ ಮಿಂಚುಳ್ಳಿ, ಚಳಿಗಾಲದಲ್ಲಿ ಬರುವ ಕರಿಟೊಪ್ಪಿಗೆಯ ಮಿಂಚುಳ್ಳಿ ಇಲ್ಲಿ ಕಾಣಬಹುದಾದವು. ಕಾಂಡ್ಲಾದ ಬೇರುಗಳನ್ನು ತುಳಿಯದೆ ದೋಣಿಯಿಂದಲೇ ಅಥವಾ ದಡದಿಂದಲೇ ನೋಡಬೇಕು. ಕೆಸರಿನಿಂದ ಮೇಲೆ ಚೂಪಾಗಿ ನಿಂತಿರುವ ಆ ಬೇರುಗಳು ಮರ ಉಸಿರಾಡುವ ಅಂಗಗಳು. ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ ಎಂಬ ಕೂಲಿಕಾರ್ಮಿಕರು ತಮ್ಮ ಕೈಯಿಂದಲೇ ಸಾವಿರಾರು ಕಾಂಡ್ಲಾ ಸಸಿ ನೆಟ್ಟು, 2015ರಲ್ಲಿ ತೀರಿಕೊಳ್ಳುವವರೆಗೂ ಕಾಂಡ್ಲಾವನ್ನು ಉಳಿಸಬೇಕೆಂದೇ ಹೇಳಿಕೊಂಡು ತಿರುಗಿದರು. ಮೀನಿನ ಮರಿಗಳು ಬೆಳೆಯುವ ತೊಟ್ಟಿಲು ಕಾಂಡ್ಲಾ ಎಂಬುದನ್ನು ನಮ್ಮ ಮೀನುಗಾರರು ಅನುಭವದಿಂದಲೇ ಬಲ್ಲರು.

ಐದನೆಯ ಹೆಜ್ಜೆ: ಗಾಳ ಹಾಕುವುದು

ಈ ಲೇಖನ ಗಾಳದ ಬಗ್ಗೆ ಮಾತ್ರ ಹೇಳುತ್ತದೆ. ಬಲೆ ಹಾಕುವುದು, ಅದರಲ್ಲಿಯೂ ನೀರಿಗೆ ಅಡ್ಡಲಾಗಿ ಕಟ್ಟುವ ಬಲೆ, ಪರವಾನಗಿ ಬೇಕಾದ ಕೆಲಸ. ಬೀಸುಬಲೆ ಬೀಸುವುದನ್ನು ನೋಡಿ ಆಸೆಯಾದರೆ ಸ್ಥಳೀಯರೊಬ್ಬರ ಜೊತೆಗೆ ಅವರ ಬಲೆಯಲ್ಲಿ ಕಲಿಯಿರಿ. ಗಾಳಕ್ಕೂ ಸ್ಥಳೀಯ ನಿರ್ಬಂಧ ಏನಾದರೂ ಇದೆಯೇ ಎಂದು ಹತ್ತಿರದ ಮತ್ಸ್ಯಭವನದಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಹೊಳೆಯಲ್ಲಿ ಸಿಗುವ ಮೀನುಗಳಲ್ಲಿ ಮರಳು ತಳದ ಕಾಣೆ, ಕಲ್ಲು ಮತ್ತು ಬೇರುಗಳ ಸಂದಿಯ ಕೆಂಬೇರಿ, ಸೇತುವೆಯ ಕಂಬಗಳ ನೆರಳಿನಲ್ಲಿ ಹೊಂಚುವ ಕುರುಡಿ, ಪಾಚಿ ಮೇಯುವ ಇರ್ಪೆ ಮುಖ್ಯವಾದವು. ಕಾಣೆಗೆ ಸಣ್ಣ ಕೊಕ್ಕೆಯೂ ಸಿಗಡಿಯ ಚೂರೂ ಸಾಕು. ಕುರುಡಿಗೆ ಬದುಕಿದ ಸಿಗಡಿ ಅಥವಾ ಸಣ್ಣ ಮೀನು ಬೇಕು, ಅದರೊಂದಿಗೆ ತಾಳ್ಮೆಯೂ ಬೇಕು. ಹೆದ್ದಾರಿಯ ಸೇತುವೆಯ ಮೇಲೆ ನಿಂತು ಗಾಳ ಬಿಡುವುದನ್ನು ನಾನು ಎಂದೂ ಒಪ್ಪುವುದಿಲ್ಲ. ಹಿಂದಿನಿಂದ ಬರುವ ಲಾರಿಗೂ ನಿಮಗೂ ನಡುವೆ ಒಂದು ಮೊಳದ ಅಂತರ ಇರುವುದಿಲ್ಲ.

ಸಣ್ಣ ಮೀನನ್ನು ಮರಳಿ ಬಿಡಿ. ಕಡಲಿನಲ್ಲಿ ಹಿಡಿಯುವ ಮೀನಿಗೆ ಕೇರಳ ಸರಕಾರ ಕನಿಷ್ಠ ಉದ್ದವನ್ನು ನಿಗದಿಪಡಿಸಿದೆ: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್. ಒಂದು ಸಲವಾದರೂ ಮೊಟ್ಟೆಯಿಡಲು ಅವಕಾಶ ಸಿಗಲಿ ಎಂಬುದು ಅದರ ಉದ್ದೇಶ, ಹೊಳೆಯ ಮೀನಿಗೂ ಅದೇ ನ್ಯಾಯ. ಬಿಡುವಾಗ ಕೈಯನ್ನು ಒದ್ದೆ ಮಾಡಿಕೊಂಡು ಮೀನನ್ನು ಹಿಡಿಯಿರಿ. ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಹೊಟ್ಟೆ ಊದಿಸಿಕೊಂಡು ಚೆಂಡಿನಂತಾಗುವ ಮೀನು ಸಿಕ್ಕರೆ ಅದನ್ನು ತಿನ್ನಬೇಡಿ, ಬೆಕ್ಕಿಗೂ ಹಾಕಬೇಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಮಳೆಗಾಲದ ನಿಷೇಧದ ಬಗ್ಗೆ ಗಡಿನಾಡಿನಲ್ಲಿ ಪ್ರತಿವರ್ಷವೂ ಗೊಂದಲ. ತಲಪಾಡಿಯಿಂದ ಆಚೆ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಈಚೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಇದು ದಡದಲ್ಲಿ ಗಾಳ ಹಿಡಿದು ಕುಳಿತವರಿಗೆ ಸಂಬಂಧಿಸಿದ್ದಲ್ಲ. ಅವರಿಗೂ ನಮ್ಮೆಲ್ಲರಿಗೂ ಸಂಬಂಧಿಸಿದ್ದು ಬೇರೊಂದಿದೆ. ಮೊದಲ ಜೋರು ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲೆಂದು ತೋಡು ಹತ್ತಿ ಗದ್ದೆಗೆ ಬರುತ್ತದೆ. ನಾವು ಉಬರ್ ಎನ್ನುವುದು ಇದನ್ನೇ. ಮಡಲಿನ ಸೂಟೆ ಉರಿಸಿಕೊಂಡು, ಕತ್ತಿಯಿಂದ ಕಡಿದು, ಚೀಲ ತುಂಬಿಸಿ ತಂದ ರಾತ್ರಿಗಳು ನಮ್ಮ ಬಾಲ್ಯದ ಸಂಭ್ರಮವಾಗಿದ್ದವು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಒಂದು ಹೊಟ್ಟೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇರುವ ಹೊತ್ತಿನಲ್ಲಿಯೇ ಕೊಂದದ್ದರ ಫಲವನ್ನು ಈಗ ಬರಿದಾದ ತೋಡುಗಳಲ್ಲಿ ಕಾಣುತ್ತಿದ್ದೇವೆ. ಕೇರಳದ 2010ರ ಒಳನಾಡು ಮೀನುಗಾರಿಕಾ ಕಾಯಿದೆಯಡಿ ಈ ಬಗೆಯ ಹಿಡಿತಕ್ಕೆ ನಿಷೇಧವಿದೆ. ವಿಷ, ತೋಟೆ, ವಿದ್ಯುತ್ತುಗಳಿಂದ ಹಿಡಿಯುವುದಂತೂ ಶಿಕ್ಷಾರ್ಹ ಅಪರಾಧ.

ನೀರಿಗೆ ಇಳಿಯುವವರು ಕಾಲನ್ನು ಎತ್ತಿಡದೆ ತಳದಲ್ಲಿ ಸವರಿಕೊಂಡು ನಡೆಯಬೇಕು. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಆಗ ತಾನಾಗಿ ಸರಿದುಹೋಗುತ್ತದೆ. ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ತೇಡೆ ಮೀನಿನ ಮುಳ್ಳಿನದೂ ಹೀಗೆಯೇ, ಕೊಕ್ಕೆ ಬಿಡಿಸುವಾಗ ಎಚ್ಚರ. ಚುಚ್ಚಿದರೆ ಗಾಯವನ್ನು ತೊಳೆದು, ಸಹಿಸುವಷ್ಟು ಬಿಸಿಯಾದ, ಚರ್ಮ ಸುಡದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ; ಮುಳ್ಳು ಒಳಗೆ ಮುರಿದಿದ್ದರೆ, ಎದೆ ಅಥವಾ ಹೊಟ್ಟೆಗೆ ಚುಚ್ಚಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆರನೆಯ ಮಾತು: ಬೇಟೆಯ ಬಗ್ಗೆ

ತುಳುನಾಡಿನ ಬದುಕಿನಲ್ಲಿ ಬೋಂಟೆಗೆ ಒಂದು ಸ್ಥಾನವಿತ್ತು. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿಗೆ ಗುದ್ದಲಿ ತಾಗಿಸದೆ, ಊರ ಗಂಡಸರು ಬೇಟೆಗೆ ಹೊರಡುತ್ತಿದ್ದರು. ನನ್ನ ಸೋದರಮಾವನ ಮನೆಯ ಜಗಲಿಯಲ್ಲಿಯೂ ಕೋವಿಯೊಂದು ತೂಗುತ್ತಿತ್ತು. ಗದ್ದೆಯ ಬಾತುಗಳ ಕತೆಯನ್ನು ಅವರು ಹೇಳುವಾಗ ಕಣ್ಣರಳಿಸಿ ಕೇಳುತ್ತಿದ್ದೆವು. ಆ ಕಾಲವನ್ನು ನಾನು ಹಳಿಯುತ್ತಿಲ್ಲ. ಕೆಡ್ಡಸ ಇಂದಿಗೂ ನಡೆಯುತ್ತದೆ, ಭೂಮಿಗೆ ಎಣ್ಣೆ ಬಿಡುವ ಪದ್ಧತಿಯೂ ನನ್ನೇರಿ ಎಂಬ ತಿಂಡಿ ಹಂಚುವ ಪದ್ಧತಿಯೂ ಉಳಿದಿವೆ. ಕೋವಿಯಿಲ್ಲದೆ ಹಬ್ಬ ಬಡವಾಗಿಲ್ಲ.

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಾಡುಪ್ರಾಣಿ, ಹಕ್ಕಿಗಳ ಬೇಟೆ ದೇಶದಾದ್ಯಂತ ನಿಷಿದ್ಧ. ಹೊರದೇಶಗಳಲ್ಲಿರುವಂತೆ ಋತುವಿಗೊಮ್ಮೆ ಕೊಡುವ ಹವ್ಯಾಸಿ ಬೇಟೆಯ ಪರವಾನಗಿ ನಮ್ಮಲ್ಲಿಲ್ಲ. ಅಷ್ಟೇ ಅಲ್ಲ, ಆ ಕಾಯಿದೆಯ ಪ್ರಕಾರ ಬೇಟೆಯೆಂದರೆ ಗುಂಡು ಹಾರಿಸುವುದು ಮಾತ್ರವಲ್ಲ; ಉರುಳು ಒಡ್ಡುವುದು, ಆಮಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಗೂಡು ಕೆಡಿಸುವುದು, ಮೊಟ್ಟೆ ಎತ್ತುವುದು ಎಲ್ಲವೂ ಬೇಟೆಯೇ. ಗದ್ದೆಯಲ್ಲಿ ಬೆಳ್ಳಕ್ಕಿಗೆ ಬಲೆ ಒಡ್ಡುವ ಹುಡುಗರಿಗೂ, ಕಡಲಾಮೆಯ ಮೊಟ್ಟೆಗೆ ಕೈಹಾಕುವವರಿಗೂ ಇದು ಗೊತ್ತಿರಬೇಕು. ಕಡಲಹದ್ದು, ಕಡಲಾಮೆಗಳಂಥ ಮೊದಲ ಪರಿಶಿಷ್ಟದ ಜೀವಿಗಳ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ದಂಡ.

ಕಾಡುಹಂದಿಯ ಮಾತು ಬಂದೇ ಬರುತ್ತದೆ. ಬೆಳೆಗೆ ಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು, ನಗರಸಭೆಗಳ ಅಧ್ಯಕ್ಷರಿಗೆ ಕೊಟ್ಟಿದೆ. ಪರವಾನಗಿಯ ಕೋವಿ ಇದ್ದು, ಅದಕ್ಕೆಂದೇ ನೇಮಿತರಾದವರು ಮಾತ್ರ ಗುಂಡು ಹಾರಿಸಬಹುದು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಹಂಚುವಂತಿಲ್ಲ. ಅದು ಕಂಗಾಲಾದ ರೈತನಿಗೆ ಕೊಟ್ಟ ಪರಿಹಾರ; ಪೇಟೆಯಿಂದ ಬಂದ ಅತಿಥಿಗೆ ಅದರಲ್ಲಿ ಪಾಲಿಲ್ಲ.

ಏಳನೆಯ ಹೆಜ್ಜೆ: ದಾರಕ್ಕೆ ಸಿಲುಕಿದ ಹಕ್ಕಿ

ಗಾಳ ಹಾಕುವವರೂ ಹಕ್ಕಿ ನೋಡುವವರೂ ಒಂದೇ ದಡದಲ್ಲಿ ಇರುವಾಗ ಇದನ್ನು ಹೇಳದೆ ಇರಲಾಗದು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕಾಂಡ್ಲಾದ ಕೊಂಬೆಯಿಂದ ತಲೆಕೆಳಗಾಗಿ ತೂಗುತ್ತಿದ್ದ ಒಂದು ಇರುಳು ಬಕವನ್ನು ಕಂಡೆ. ತಂಗೂಸು ಎನ್ನುವ ನೈಲಾನ್ ದಾರ ಅದರ ರೆಕ್ಕೆಯ ಬುಡವನ್ನು ಎಲುಬಿನವರೆಗೆ ಕೊಯ್ದಿತ್ತು. ನಾನು ಬಿಡಿಸುವ ಹೊತ್ತಿಗೆ ಅದಕ್ಕೆ ಜೀವವಿತ್ತು, ಸಂಜೆಯ ಹೊತ್ತಿಗೆ ಇರಲಿಲ್ಲ. ದಾರವನ್ನು ಬಿಟ್ಟುಹೋದವರು ಕೆಟ್ಟವರಾಗಿರಲಾರರು. ಬೇರಿಗೆ ಸಿಕ್ಕಿದ ಕೊಕ್ಕೆಯನ್ನು ಎಳೆದು, ತುಂಡಾದದ್ದನ್ನು ಅಲ್ಲಿಯೇ ಬಿಟ್ಟು ಹೋಗಿದ್ದರು ಅಷ್ಟೆ. ಆ ದಿನದಿಂದ ನನ್ನ ಚೀಲದಲ್ಲಿ ಒಂದು ಕತ್ತರಿ, ಒಂದು ಸಣ್ಣ ಇಕ್ಕಳ, ಹಳೆಯ ಬೈರಾಸು (ಮೈ ಒರೆಸುವ ಬಟ್ಟೆ) ಯಾವಾಗಲೂ ಇರುತ್ತವೆ.

ನಿಮ್ಮ ಗಾಳಕ್ಕೆ ಹಕ್ಕಿ ಸಿಕ್ಕರೆ ದಾರವನ್ನು ಕತ್ತರಿಸಿ ಅದನ್ನು ಹಾರಲು ಬಿಡಬೇಡಿ. ಆ ದಾರ ಮುಂದಿನ ಮರಕ್ಕೆ ಸುತ್ತಿಕೊಂಡು ಅದನ್ನು ಕೊಲ್ಲುತ್ತದೆ. ನಿಧಾನವಾಗಿ ಹತ್ತಿರಕ್ಕೆ ತಂದು, ಬೈರಾಸನ್ನು ತಲೆಯ ಮೇಲೆ ಹಾಕಿ ಕಣ್ಣು ಮುಚ್ಚಿದರೆ ಹಕ್ಕಿ ಶಾಂತವಾಗುತ್ತದೆ. ಬಕ, ಕೊಕ್ಕರೆಗಳ ಕೊಕ್ಕು ನೇರವಾಗಿ ಕಣ್ಣಿಗೆ ಬರುತ್ತದಾದ್ದರಿಂದ ಒಬ್ಬರು ಕೊಕ್ಕನ್ನು ಮೂಗಿನ ಹೊಳ್ಳೆ ಮುಚ್ಚದಂತೆ ಹಿಡಿದುಕೊಳ್ಳಬೇಕು. ಕೊಕ್ಕೆಯನ್ನು ಹಿಂದಕ್ಕೆ ಎಳೆಯದೆ, ಮುಳ್ಳಿನ ತುದಿ ಹೊರಬರುವಂತೆ ಮುಂದಕ್ಕೆ ತಳ್ಳಿ, ತುದಿಯನ್ನು ಇಕ್ಕಳದಿಂದ ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ತೆಗೆಯಬೇಕು. ನುಂಗಿದ್ದರೆ ನೀವು ಪ್ರಯತ್ನಿಸದೆ ಅರಣ್ಯ ಇಲಾಖೆಯವರಿಗೆ ಅಥವಾ ಪಶುವೈದ್ಯರಿಗೆ ಒಪ್ಪಿಸಿ.

ಕಡಲಾಮೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಈ ಜಿಲ್ಲೆಯ ಮರಳಿಗೆ ಬಂದು ಮೊಟ್ಟೆಯಿಡುತ್ತವೆ. ನೀಲೇಶ್ವರದ ತೈಕ್ಕಡಪ್ಪುರದಲ್ಲಿ ನೆಯ್ದಲ್ ಎಂಬ ಸಂಘದ ಮೀನುಗಾರರೇ ಆ ಮೊಟ್ಟೆಗಳನ್ನು ಕಾಯ್ದು ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದ್ದಾರೆ. ರಾತ್ರಿ ದಡದಲ್ಲಿ ಗಾಳ ಹಾಕುವವರು ಬೆಂಕಿ ಹಾಕಬಾರದು, ಟಾರ್ಚನ್ನು ಕಡಲಿನತ್ತ ಹಿಡಿಯಬಾರದು. ಆಮೆ ಮೇಲೆ ಬರುತ್ತಿರುವುದು ಕಂಡರೆ ದೀಪ ಆರಿಸಿ ಅಲುಗಾಡದೆ ಕುಳಿತಿರಬೇಕು.

ಉಳಿದ ಹೊತ್ತಿಗೆ

ಮಂಗಳೂರು-ಕಾಸರಗೋಡು ದಾರಿಯಲ್ಲಿ ಕುಂಬಳೆಗೆ ರೈಲೂ ಬಸ್ಸೂ ಧಾರಾಳವಾಗಿವೆ. ಕಾಸರಗೋಡಿನಿಂದ ಸುಮಾರು 13 ಕಿಲೋಮೀಟರ್. ಉಬ್ಬರದ ಹೊತ್ತು ಮಧ್ಯಾಹ್ನಕ್ಕೆ ಬಿದ್ದ ದಿನ ಬೆಳಿಗ್ಗೆ ಪೇಟೆಯ ಪೂರ್ವಕ್ಕಿರುವ ಕಿದೂರಿಗೆ ಹೋಗಿಬನ್ನಿ. ಮುರಕಲ್ಲಿನ ಬಯಲು, ಕುರುಚಲು ಪೊದೆ, ನಡುವೆ ಮದಕ ಇರುವ ಆ ಊರು ಪಕ್ಷಿಗ್ರಾಮವೆಂದೇ ಹೆಸರಾಗಿದೆ. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಬೂದುತಲೆಯ ಪಿಕಳಾರವನ್ನು ಕಾಣಲೆಂದೇ ಅಲ್ಲಿಗೆ ದೂರದಿಂದ ಬರುವವರಿದ್ದಾರೆ. ಮಳೆಗಾಲದಲ್ಲಿ ಬಯಲಿನ ಕಲ್ಲುಗುಳಿಗಳಲ್ಲಿ ನೀರು ನಿಂತು ಹುಲ್ಲೂ ಹೂವೂ ತುಂಬಿದಾಗ ಅದರ ಚೆಂದವೇ ಬೇರೆ. ಎರಡನೆಯ ದಿನ ಕೈಯಲ್ಲಿದ್ದರೆ ದಕ್ಷಿಣಕ್ಕೆ ಕವ್ವಾಯಿ ಹಿನ್ನೀರಿಗೆ ಹೋಗಬಹುದು. ಪಡನ್ನ, ವಲಿಯಪರಂಬ ಭಾಗದಲ್ಲಿ ಹಗ್ಗಗಳಿಗೆ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಬೆಳೆಸುವುದನ್ನು ನೋಡಬಹುದು, ದೋಣಿಯಲ್ಲಿ ಕುಳಿತು ಹಕ್ಕಿ ನೋಡಬಹುದು. ಬೆಳೆಸಿದ ಪಚ್ಚಿಲೆಯನ್ನು ಕೇಳದೆ ಕೀಳಬಾರದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಹೊರಡುವ ಮುನ್ನ ದಾರದ ತುಂಡುಗಳನ್ನು ಒಂದು ಬಾಟಲಿಯಲ್ಲಿ ತುಂಬಿಸಿ ಮನೆಗೆ ಒಯ್ಯಿರಿ. ಪುಸ್ತಕದಲ್ಲಿ ದಿನಾಂಕ, ತಿಥಿ, ಉಬ್ಬರದ ಹೊತ್ತು, ಕಂಡ ಹಕ್ಕಿಗಳ ಹೆಸರು ಮತ್ತು ಸಂಖ್ಯೆ ಬರೆದಿಡಿ. ಹೆಸರು ತಿಳಿಯದಿದ್ದರೆ ತಿಳಿಯದೆಂದೇ ಬರೆಯಿರಿ. ಗೊರವದ ಕಾಲಿನಲ್ಲಿ ಉಂಗುರವೋ ಬಣ್ಣದ ಪುಟ್ಟ ಪತಾಕೆಯೋ ಕಂಡರೆ ಬಣ್ಣ, ಅಕ್ಷರ, ಯಾವ ಕಾಲು ಎಂಬುದನ್ನು ಗುರುತಿಸಿಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಆ ಹಕ್ಕಿಗೆ ಉಂಗುರ ತೊಡಿಸಿದ್ದು ಎಲ್ಲಿ, ಯಾವಾಗ ಎಂಬುದು ಅಲ್ಲಿಂದ ತಿಳಿಯಬಹುದು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ನಮ್ಮ ಅಳಿವೆಗೂ ಎಣಿಸುವ ಕೈಗಳು ಬೇಕು. ಆ ತಿಂಗಳಿನಲ್ಲಿ ಬರುವವರು ದುರ್ಬೀನಿನ ಜೊತೆಗೆ ಒಂದು ಪೆನ್ಸಿಲನ್ನು ಹೆಚ್ಚಿಗೆ ತನ್ನಿ, ನೀರು ತಾಗಿದರೆ ಪೆನ್ನಿನ ಬರಹ ಉಳಿಯುವುದಿಲ್ಲ.